ಆಮದು ದರ ಮತ್ತು ನಮ್ಮ ಅಂಗಳ

30 ಸೆಪ್ಟೆಂಬರ್ 2022, ಸಿದ್ದಾಪುರ

ಮಳೆ ಬಿಟ್ಟಿಲ್ಲ, ಅಡಿಕೆಗೆ ಕೊಳೆರೋಗದ ಹೆದರಿಕೆಯೂ ಬಿಟ್ಟಿಲ್ಲ. ಮದ್ದು ಹೊಡೆಸುತ್ತಿರುವಾಗ ಭೂತಾನದ ಸುದ್ದಿ ಬಂತು. ವರ್ಷಕ್ಕೆ 17 ಸಾವಿರ ಟನ್ ಹಸಿ ಅಡಿಕೆಯನ್ನು ಪಶ್ಚಿಮ ಬಂಗಾಳದ ಜೈಗಾಂವ್ ಮೂಲಕ ಕನಿಷ್ಠ ಆಮದು ದರದ ಷರತ್ತಿಲ್ಲದೆ ತರಬಹುದಂತೆ. "ಇನ್ನು ದರ ನಿಲ್ತಿಲ್ಲೆ ಭಾವ" ಅಂತ ಭಾವನ ಫೋನು. ಹಸಿ ಅಡಿಕೆ ಒಣಗಿಸಿ ಸುಲಿದರೆ ಕೈಗುಳಿಯುವುದು ಕಾಲು ಭಾಗವೂ ಅಲ್ಲ, ಅಷ್ಟರಿಂದ ನಮ್ಮ ಪೇಟೆ ಮುಳುಗದು. ನನಗೆ ಚಿಂತೆ ಭೂತಾನದ ರೈತನದಲ್ಲ, ನೆರೆಯವರ ಹೆಸರು ಹೇಳಿಕೊಂಡು ಒಳಬರುವ ಬೇರೆ ಕಡೆಯ ಮಾಲಿನದು.

16 ಫೆಬ್ರವರಿ 2023, ಶಿರಸಿ

ಕನಿಷ್ಠ ಆಮದು ದರ ಕೆಜಿಗೆ 251 ರೂಪಾಯಿಯಿಂದ 351ಕ್ಕೆ ಏರಿದೆ. 251 ಆದದ್ದು 2017ರಲ್ಲಿ. ಪೇಟೆಯಲ್ಲಿ ಎಲ್ಲರ ಮುಖದಲ್ಲೂ ಗೆಲುವು, ನನಗೂ ಸಮಾಧಾನ. ಭೂತಾನದ ಆ ಹಸಿ ಅಡಿಕೆ ಬಿಟ್ಟರೆ, ಇದಕ್ಕಿಂತ ಕಡಿಮೆ ಬಿಲ್ಲಿನ ಅಡಿಕೆ ಇನ್ನು ಬರುವಂತಿಲ್ಲ. ಮೇಲೆ ನೂರಕ್ಕೆ ನೂರು ಸುಂಕ ಬಿದ್ದರೆ 700 ದಾಟುತ್ತದೆ, ಯಾರೂ ತರುವುದಿಲ್ಲ. ಆದರೆ ಒಪ್ಪಂದ ಇರುವ ನೆರೆ ದೇಶದಲ್ಲಿ ಬೆಳೆದದ್ದು ಎಂಬ ಪ್ರಮಾಣಪತ್ರ ಇದ್ದರೆ ಸುಂಕ ಇಳಿಯುತ್ತದೆ, ಕೆಲವು ಕಡೆಯಿಂದ ಬಂದದ್ದಕ್ಕೆ ಸುಂಕವೇ ಇಲ್ಲ. ಎಲ್ಲ ನಿಂತಿರುವುದು ಆ ಒಂದು ಕಾಗದದ ಮೇಲೆ. ಮೂಲದ ವಿವರವನ್ನು ಆಮದುದಾರನೇ ಇಟ್ಟುಕೊಂಡಿರಬೇಕೆಂದು 2020ರಲ್ಲಿ ನಿಯಮವೇನೋ ಬಂದಿದೆ.

ಟೆಂಡರಿಗೆ ಬಂದ ಖರೀದಿದಾರ ನಮ್ಮ ರಾಶಿಯಿಂದ ಒಂದು ಚಾಲಿ ಅಡಿಕೆ ಎತ್ತಿ ಅಡಕತ್ತರಿಯಲ್ಲಿ ಹೋಳು ಮಾಡಿದ. ಬಿಳಿ ತಿರುಳಿನ ಕಂದು ಗೆರೆ ನೋಡಿದ, ಮೂಸಿದ. ಟೊಳ್ಳೋ, ಹುಳ ಬಿದ್ದದ್ದೋ, ಬೂಸ್ಟು ಹಿಡಿದದ್ದೋ ಅವನಿಗೆ ಆಗಲೇ ಗೊತ್ತಾಯಿತು. ಯಾವ ದೇಶದಲ್ಲಿ ಬೆಳೆದದ್ದು ಎಂಬುದು ಹಾಗೆ ಹೋಳು ಮಾಡಿ ತಿಳಿಯುವಂಥದ್ದಲ್ಲ. ‘ಶಿರಸಿ ಸುಪಾರಿ’ಗೆ 2019ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿದ್ದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆಗೆ ಮಾತ್ರ. ನಮ್ಮ ಹೆಸರಿಗೆ ಅಷ್ಟು ಕಟ್ಟುನಿಟ್ಟು ಇರುವಾಗ ಬಂದರಿಗೆ ಬಂದ ಚೀಲದ ಊರನ್ನೂ ಅಷ್ಟೇ ಬಿಗಿಯಾಗಿ ಕೇಳಬೇಕು. ದರ ಏರಿಸುವುದಕ್ಕಿಂತ ಇದು ದೊಡ್ಡ ಕೆಲಸ.

27 ಏಪ್ರಿಲ್ 2024, ಸಿದ್ದಾಪುರ

ಈಗ ಗಡಿಯ ಹೊರಗೆ ನಿಂತವರು ನಾವು. ಎಥಿಲೀನ್ ಆಕ್ಸೈಡ್ ಸಿಕ್ಕಿತೆಂದು ಹಾಂಗ್‌ಕಾಂಗ್, ಸಿಂಗಪುರಗಳಲ್ಲಿ ಭಾರತದ ಮಸಾಲೆ ಪುಡಿಗಳನ್ನು ಅಂಗಡಿಯಿಂದ ತೆಗೆಸಿದ್ದಾರೆ. ಸಾಂಬಾರ ಪದಾರ್ಥದಲ್ಲಿ ಅದರ ಅಂಶ ಅಮೆರಿಕದಲ್ಲಿ ಕೆಜಿಗೆ 7 ಮಿಲಿಗ್ರಾಂ ತನಕ ನಡೆಯುತ್ತದೆ, ಯುರೋಪಿನಲ್ಲಿ 0.1 ಮಾತ್ರ. ನಾವು ಬೆಳೆಯುವ ಕಾಳುಮೆಣಸನ್ನೇ ನೋಡಿ, ಒಂದೇ ಮೆಣಸು ಒಂದು ಬಂದರಿನಲ್ಲಿ ಪಾಸು, ಇನ್ನೊಂದರಲ್ಲಿ ವಾಪಸು. ಹಾಗೆಂದು ಇದನ್ನು ವ್ಯಾಪಾರದ ಕುತಂತ್ರ ಎಂದು ಬೈಯಲು ನನ್ನಿಂದಾಗದು. ಅದು ಕ್ಯಾನ್ಸರ್ ತರುವ ವಸ್ತು.

ಆ ಅನಿಲವನ್ನು ಬಳಸುವುದು ರೈತನಲ್ಲ, ಸೂಕ್ಷ್ಮಾಣು ಸಾಯಲೆಂದು ಸಂಸ್ಕರಿಸುವವರು. ಆದರೆ ಸೂಕ್ಷ್ಮಾಣು ಹತ್ತುವುದು ಅಂಗಳದಲ್ಲೇ. ನಾವು ಬಿಡಿಸಿದ ಮೆಣಸಿನ ಕಾಳನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು ತಾಡಪಾಲಿನ ಮೇಲೆ ಹರಡುತ್ತೇವೆ. ಕೊಳೆ ಹೋಗುತ್ತದೆ, ಬೇಗ ಒಣಗುತ್ತದೆ, ಕಪ್ಪು ಒಂದೇ ಸಮ ಬರುತ್ತದೆ. ಅದಕ್ಕೆಂದು ಕ್ವಿಂಟಲಿಗೆ ಒಂದು ರೂಪಾಯಿ ಹೆಚ್ಚು ಕೊಟ್ಟವರಿಲ್ಲ. ಕಾಳುಮೆಣಸಿಗೆ 2017ರ ಡಿಸೆಂಬರಿನಲ್ಲಿ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ದರ ಗೊತ್ತುಮಾಡಿದರು. ಹೊರಗಿನದನ್ನು ತಡೆಯಿರಿ ಎಂದು ನಾವು ಕೊಟ್ಟ ಮನವಿಗಳಿಗೆ ಲೆಕ್ಕವಿಲ್ಲ, ನಮ್ಮ ಕಾಳನ್ನು ಪರೀಕ್ಷೆ ಮಾಡಿ ಎಂದು ಕೊಟ್ಟದ್ದು ನಾನು ಕಂಡಿಲ್ಲ.

ಸೊಸೈಟಿಯಲ್ಲಿ ಮಾದರಿ ತೆಗೆದು ಪರೀಕ್ಷೆ ಮಾಡಿಸಿ, ಶುದ್ಧ ಕಾಳಿಗೆ ಬೇರೆ ಟೆಂಡರ್ ಕರೆಯಬೇಕು. ವಾರ್ಷಿಕ ಸಭೆಗೆ ಅರ್ಜಿ ಬರೆದಿಟ್ಟಿದ್ದೇನೆ. ಭಾವ ಸಹಿ ಹಾಕಿದ, ಯಲ್ಲಾಪುರದ ಅಪ್ಪಚ್ಚಿಯನ್ನು ಕೇಳಬೇಕು.