ಯಾವ ಕಡೆಯವರು ನೀವು?

ಕಾರಿನ ಗಾಜು ಪೂರ್ತಿ ಏರಿಸಿದ್ದೀಯ. ಆದರೂ ಹೊಗೆ ಎಲ್ಲಿಂದಲೋ ನುಸುಳುತ್ತಿದೆ. ಉತ್ತರದ ಕಾಡುಗಳಿಗೆ ಬೆಂಕಿ ಬಿದ್ದಿದೆ, ಫ್ರೀಮಾಂಟಿನ ಆಕಾಶ ತುಕ್ಕಿನ ಬಣ್ಣಕ್ಕೆ ತಿರುಗಿದೆ. ಆಫೀಸಿನ ಪಾರ್ಕಿಂಗಿನ ಕೊನೆಯಲ್ಲಿ, ಯಾರಿಗೂ ಕೇಳಿಸದ ಕಡೆ ಕೂತಿದ್ದೀಯ. ಮನೆಯಿಂದ ಮಾತಾಡುವ ಹಾಗಿಲ್ಲ. ಜೊತೆಗಿರುವ ಹುಡುಗಿಯರಿಗೂ ಕನ್ನಡ ಬರುತ್ತದೆ. ತೊಡೆಯ ಮೇಲಿನ ಫೋನು ಇನ್ನೇನು ರಿಂಗಾಗಬೇಕು. ನಾಲಿಗೆ ಅಂಗುಳಿಗೆ ಅಂಟಿಕೊಂಡಿದೆ.

ಹೊಗೆ ಬಂದ ರಾತ್ರಿಗಳಲ್ಲಿ ನಿನಗೆ ನಿದ್ದೆ ಇಲ್ಲ. ಎರಡು ಗಂಟೆಗೆ ಎದ್ದು ಕೂರುತ್ತೀಯ, ಬೆನ್ನು ಒದ್ದೆ, ಕೈ ತಣ್ಣಗೆ. ಬರಿಗಾಲಲ್ಲಿ ಹೋಗಿ ಬಾಗಿಲು ನೋಡುತ್ತೀಯ. ಚಿಲಕ ಹಾಕಿದೆಯೇ ಎಂದಲ್ಲ, ಒಳಗಿನಿಂದ ತೆಗೆಯಲು ಬರುತ್ತದೆಯೇ ಎಂದು. ತೆಗೆದು, ಮುಚ್ಚಿ, ಮತ್ತೆ ತೆಗೆಯುತ್ತೀಯ.

ಮೊದಲು ಹೋದ ಥೆರಪಿಸ್ಟ್ ಬಿಳಿಯ ಹೆಂಗಸು, ಒಳ್ಳೆಯವರು. ಲ್ಯಾವೆಂಡರ್ ಘಮದ ಕೋಣೆ, ಮೆತ್ತನೆಯ ಸೋಫಾ, ಕೈಗೆಟುಕುವ ಹಾಗೆ ಟಿಶ್ಯೂ ಡಬ್ಬಿ. ಕಷ್ಟಪಟ್ಟು ಆ ಊರಿನ ಹೆಸರು ಬಾಯಿಂದ ಹೊರಡಿಸಿದೆ: ಕಂಬಾಲಪಲ್ಲಿ. ಅವರು ಪೆನ್ನು ಹಿಡಿದು ಸ್ಪೆಲ್ಲಿಂಗ್ ಕೇಳಿದರು. ಹೇಳಿದೆ. ಆಮೇಲೆ ಊರೆಂದರೇನು, ಕೇರಿಯೆಂದರೇನು, ಹೋಟೆಲಿನಲ್ಲಿ ಬೇರೆ ಲೋಟ ಯಾಕೆ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಒಂದೊಂದಾಗಿ ವಿವರಿಸಿದೆ. ಐವತ್ತು ನಿಮಿಷ ಮುಗಿಯಿತು. ಅವರ ಕಣ್ಣಲ್ಲಿ ನೀರಿತ್ತು, ಅವರನ್ನು ಸಮಾಧಾನ ಮಾಡಿದವಳು ನೀನು. ನಿನ್ನ ಬಾಗಿಲಿನ ವಿಷಯ ಹಾಗೇ ಉಳಿಯಿತು.

ನಮ್ಮವರೇ ಬೇಕು ಎಂದು ಆ ದಿನ ನಿನಗೆ ಅನ್ನಿಸಿತು. ಅದನ್ನು ಸಣ್ಣತನ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ನೋವು ಹೇಳಿಕೊಳ್ಳಲು ಬಂದವಳು ಮೊದಲು ಪಾಠ ಮಾಡಬೇಕೆಂದರೆ ಅವಳ ಶಕ್ತಿ ಅಲ್ಲೇ ಸೋರಿಹೋಗುತ್ತದೆ.

ಆದರೆ ಯಾರು ನಮ್ಮವರು? ಥೆರಪಿಸ್ಟರ ಪಟ್ಟಿಯಲ್ಲಿ ಭಾಷೆ, ಜನಾಂಗ, ಇನ್ಶೂರೆನ್ಸ್, ಹೀಗೆ ಒಂದೊಂದೇ ಆಯ್ಕೆ ಒತ್ತುತ್ತಾ ಹೋಗಿದ್ದೆ. ಕ್ಯಾಲಿಫೋರ್ನಿಯಾದ ಲೈಸೆನ್ಸ್ ಇದ್ದವರೇ ಆಗಬೇಕು. ವೀಡಿಯೋದಲ್ಲಿ ಮಾತಾಡಿದರೂ ನಿಯಮ ಅದೇ. ದೆಹಲಿಯ ಕಡೆ ದಿವ್ಯಾ ಕಂದುಕೂರಿ ಕಟ್ಟಿದ ‘ದಿ ಬ್ಲೂ ಡಾನ್’ ದಲಿತ ಬಹುಜನರ ಮನಸ್ಸಿನ ಆರೈಕೆಗೆಂದೇ ಕೆಲಸ ಮಾಡುತ್ತದೆ ಎಂದು ಗೆಳತಿ ಹೇಳಿದ್ದಳು. ಅದು ಸಾಗರದ ಆಚೆ. ಇಲ್ಲಿ ‘ದಕ್ಷಿಣ ಏಷ್ಯಾ’ ಎಂದು ಒತ್ತಿದರೆ ಮುಖಗಳು ಬಂದವು, ‘ಕನ್ನಡ’ ಎಂದು ಸೇರಿಸಿದರೆ ಬೆರಳೆಣಿಕೆಗೆ ಇಳಿದವು. ಜಾತಿಯನ್ನು ಒತ್ತಿ ನೋಡುವ ಜಾಗ ಎಲ್ಲೂ ಇರಲಿಲ್ಲ. ಇದ್ದಿದ್ದರೆ ಒತ್ತುವ ಧೈರ್ಯ ನಿನಗಿತ್ತೇ? 2018ರಲ್ಲಿ ಈಕ್ವಾಲಿಟಿ ಲ್ಯಾಬ್ಸ್ ಅಮೆರಿಕದಲ್ಲಿನ ಜಾತಿಯ ಬಗ್ಗೆ ಸಮೀಕ್ಷೆ ಪ್ರಕಟಿಸಿದಾಗ, ಉತ್ತರ ಕೊಟ್ಟ ದಲಿತರಲ್ಲಿ ಸುಮಾರು ಅರ್ಧದಷ್ಟು ಜನ ತಮ್ಮ ಜಾತಿ ಬಯಲಾದೀತೆಂಬ ಭಯದಲ್ಲಿದ್ದರು. ನೀನೂ ಆ ಅರ್ಧದಲ್ಲೇ ಇದ್ದೀಯ. 2023ರ ಅಕ್ಟೋಬರಿನಲ್ಲಿ ಜಾತಿ ತಾರತಮ್ಯ ತಡೆಯುವ ಮಸೂದೆಗೆ ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕದೆ ವಾಪಸು ಕಳಿಸಿದ ಸುದ್ದಿಯನ್ನು ಆಫೀಸಿನ ಕ್ಯಾಂಟೀನಿನಲ್ಲಿ ಓದಿ, ಏನೂ ಆಗದವಳ ಹಾಗೆ ತಟ್ಟೆ ಎತ್ತಿಕೊಂಡು ಎದ್ದಿದ್ದೆ.

ಫೋನು ರಿಂಗಾಗುತ್ತದೆ. ಆ ಬೆರಳೆಣಿಕೆಯ ಕನ್ನಡದ ಥೆರಪಿಸ್ಟರಲ್ಲಿ ಒಬ್ಬರು.

“ನಮಸ್ಕಾರ, ಕನ್ನಡದಲ್ಲೇ ಮಾತಾಡೋಣ ಅಲ್ವಾ?”

ಆ ಧ್ವನಿಗೆ ನಿನ್ನ ಭುಜಗಳು ತಾವಾಗಿಯೇ ಇಳಿಯುತ್ತವೆ. ಅವರು ನಿಧಾನವಾಗಿ ನಿಯಮ ಹೇಳುತ್ತಾರೆ. ನೀವು ಹೇಳಿದ್ದು ನನ್ನಲ್ಲೇ ಇರುತ್ತೆ. ಕನ್ನಡ ಕೂಟದ ಯುಗಾದಿಯಲ್ಲಿ ಎದುರಾದರೆ ನಾನಾಗಿ ಮಾತಾಡಿಸಲ್ಲ, ನೀವು ಮಾತಾಡಿಸಿದರೆ ಮಾತ್ರ. ನೀನು ಹೂಂಗುಡುತ್ತೀಯ. ನಿದ್ದೆ, ಊಟ, ಎದೆ ಬಡಿತ, ಎಲ್ಲಕ್ಕೂ ಉತ್ತರ ಸಲೀಸಾಗಿ ಬರುತ್ತಿದೆ.

“ಯಾವ ಕಡೆಯವರು ನೀವು?”

ಸಾಮಾನ್ಯ ಪ್ರಶ್ನೆ. ಕನ್ನಡದವರು ಕನ್ನಡದವರನ್ನು ಕಂಡರೆ ಕೇಳುವ ಮೊದಲ ಪ್ರಶ್ನೆ. ನಿನ್ನ ಬೆರಳು ಸ್ಟೀರಿಂಗನ್ನು ಬಿಗಿಯಾಗಿ ಹಿಡಿಯುತ್ತದೆ. ಇದರ ಹಿಂದೆಯೇ ಬರುವ ಪ್ರಶ್ನೆಗಳು ನಿನಗೆ ಬಾಯಿಪಾಠ: ಅಲ್ಲಿ ಯಾರ ಮನೆ, ಮನೆದೇವರು ಯಾವುದು, ನಾನ್‌ವೆಜ್ ತಿಂತೀರಾ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಆಗಿ ಕೂತಿರುವ ಅಪ್ಪನ ಹೆಸರನ್ನು ಅವರು ಆಗಲೇ ಫಾರ್ಮಿನಲ್ಲಿ ಓದಿದ್ದಾರೆ. ಅಮೆರಿಕದವರಿಗೆ ಅದು ಬರೀ ಉದ್ದನೆಯ ಹೆಸರು. ಇವರಿಗೆ?

“ಚಿಂತಾಮಣಿ ಕಡೆ.”

“ಅಯ್ಯೋ ಹೌದಾ! ನಮ್ಮದೂ ಅದೇ ಕಡೆ.”

ಆ ಸಂತೋಷ ನಿಜವಾದದ್ದು. ಅದಕ್ಕೇ ನಿನಗೆ ಇನ್ನಷ್ಟು ಭಯ. ಇಲ್ಲಿಗೆ ನಿಲ್ಲಿಸಬಹುದು. ವೀಸಾ, ಮ್ಯಾನೇಜರು, ಒಂಟಿತನ ಎಂದು ಏನೋ ಒಂದು ಹೇಳಿ ಮುಗಿಸಬಹುದು. ಹೊಗೆಯ ಖಾರ ಮೂಗಿನ ಆಳಕ್ಕೆ ಇಳಿಯುತ್ತದೆ. ಕಿವಿ ಗುಂಯ್‌ಗುಡುತ್ತದೆ. ಹೇಳು. ಬೇಡ. ಹೇಳು.

“ಕಂಬಾಲಪಲ್ಲಿ ಗೊತ್ತಾ ನಿಮಗೆ?”

ಅತ್ತ ಕಡೆ ಉಸಿರು ನಿಂತದ್ದು ಕೇಳಿಸುತ್ತದೆ. ಸ್ಪೆಲ್ಲಿಂಗ್ ಯಾರೂ ಕೇಳುವುದಿಲ್ಲ.

2000ದ ಮಾರ್ಚ್ 11. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿಹಾಕಿ ಸುಟ್ಟರು. ನೀನಾಗ ಪಕ್ಕದ ಊರಿನ ಶಾಲೆಯಲ್ಲಿ ಓದುವ ಹುಡುಗಿ. ಮಾರನೆಯ ದಿನ ಅಪ್ಪ ದಲಿತ ಸಂಘದವರ ಜೊತೆ ಅಲ್ಲಿಗೆ ಹೋಗಿ ಸಂಜೆ ಬಂದ. ಊಟ ಮಾಡಲಿಲ್ಲ. ಅವನ ಅಂಗಿಗೆ ಹಿಡಿದ ಹೊಗೆ ಎರಡು ಸಲ ಒಗೆದರೂ ಹೋಗಲಿಲ್ಲ. ರಾತ್ರಿ ಅವ್ವ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳು ಖುಲಾಸೆಯಾದಾಗ ಅಪ್ಪ ಪೇಪರನ್ನು ಮಡಚಿ ಸೂರಿಗೆ ಸಿಕ್ಕಿಸಿದ. ಆ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ.

“ಗೊತ್ತು,” ಎನ್ನುತ್ತಾರೆ ಅವರು, ಬಹಳ ಹೊತ್ತಿನ ಮೇಲೆ. “ನಾನು ಆ ಕಡೆ ರೆಡ್ಡಿಗಳ ಮನೆ ಮಗಳು. ಇದನ್ನ ಮುಚ್ಚಿಟ್ಟು ನಿಮ್ಮ ಮಾತು ಕೇಳೋದು ತಪ್ಪಾಗುತ್ತೆ.”

ಹೊಟ್ಟೆಯಲ್ಲಿ ಮೆಟ್ಟಿಲು ತಪ್ಪಿದಂತಾಗುತ್ತದೆ. ಒಂದೇ ಮಣ್ಣು, ಒಂದೇ ಬಸ್ ಸ್ಟ್ಯಾಂಡು, ಒಂದೇ ಸಂತೆ. ಈ ದೇಶದಲ್ಲಿ ನಿನ್ನ ಬಾಲ್ಯದ ದಾರಿಗಳನ್ನು ಬಲ್ಲ ಒಬ್ಬರು ಸಿಕ್ಕಿದ್ದಾರೆ, ಅವರು ದಾರಿಯ ಆಚೆ ಬದಿಯವರು. ಫೋನ್ ಇಡಬೇಕೆನ್ನಿಸುತ್ತದೆ. ಅವರ ನೇರ ಮಾತಿಗೆ ಅಳು ಬರುತ್ತಿದೆ. ಎರಡೂ ನಿಜ.

“ನಿಮಗೆ ನಾನು ಬೇಡ ಅನ್ನಿಸಿದರೆ ಬೇಜಾರಿಲ್ಲ. ಈಗಲೇ ಹೇಳಿ.”

ಅವರನ್ನೇ ಒಪ್ಪಿಕೊಳ್ಳಬಹುದು, ಪ್ರಾಮಾಣಿಕರು, ಬಹುಶಃ ಒಳ್ಳೆಯ ಥೆರಪಿಸ್ಟೂ ಹೌದು. ಆದರೆ ಆ ರಾತ್ರಿ ಅವರ ಮನೆಯಲ್ಲಿ ಯಾರು ಏನು ಮಾತಾಡಿದರೆಂದು ಪ್ರತಿ ವಾರ ನೀನು ಯೋಚಿಸುತ್ತೀಯ. ಅವರ ಮುಖ ನೋಡಿ ನಿನ್ನ ಮಾತನ್ನು ಮೆತ್ತಗೆ ಮಾಡುತ್ತೀಯ. ಮೆತ್ತಗೆ ಮಾತಾಡಿ ನಿನಗೆ ಸಾಕಾಗಿದೆ.

“ನಮ್ಮವರು ಯಾರಾದರೂ ಇದ್ದಾರಾ?”

‘ನಮ್ಮವರು’ ಎಂದರೆ ಯಾರೆಂದು ಅವರು ಕೇಳುವುದಿಲ್ಲ. “ಒಬ್ಬರಿದ್ದಾರೆ. ತಮಿಳರು, ಲಾಸ್ ಏಂಜಲೀಸ್‌ನಲ್ಲಿ. ತಾವು ದಲಿತೆ ಅಂತ ಹೇಳಿಕೊಂಡೇ ಕೆಲಸ ಮಾಡ್ತಾರೆ. ಕನ್ನಡ ಬರಲ್ಲ, ಇನ್ಶೂರೆನ್ಸ್ ತಗೊಳ್ಳಲ್ಲ. ಕಾಯಬೇಕಾಗುತ್ತೆ.” ನಂಬರ್ ಕೊಡುತ್ತಾರೆ. ಪೆಟ್ರೋಲ್ ಬಿಲ್ಲಿನ ಹಿಂದೆ ಬರೆದುಕೊಳ್ಳುತ್ತೀಯ, ಅಂಕಿಗಳು ಓರೆಯಾಗುತ್ತವೆ.

ಥ್ಯಾಂಕ್ಸ್ ಹೇಳಿ ಫೋನ್ ಇಟ್ಟವಳು, ಧೈರ್ಯ ಆರುವ ಮುಂಚೆ ಆ ನಂಬರ್ ಒತ್ತುತ್ತೀಯ. ವಾಯ್ಸ್‌ಮೇಲ್. ಬೀಪ್ ಶಬ್ದ. ನಿನ್ನ ಹೆಸರು ಹೇಳುತ್ತೀಯ, ಅಪ್ಪನ ಹೆಸರನ್ನು ಪೂರ್ತಿಯಾಗಿ ಹೇಳುತ್ತೀಯ. ಆಮೇಲೆ, ಈ ದೇಶಕ್ಕೆ ಬಂದ ಮೇಲೆ ಮೊದಲ ಸಲ ದನಿಯೆತ್ತಿ, ನಾನು ದಲಿತಳು, ಹೊಗೆ ಬಂದರೆ ನಿದ್ದೆ ಬರುವುದಿಲ್ಲ, ಎಷ್ಟು ದಿನವಾದರೂ ಕಾಯುತ್ತೇನೆ ಎನ್ನುತ್ತೀಯ.