ಘಟ್ಟ ಇಳಿಯಲು ಯಾವ ದಾರಿ?
ಬೆಳಗಾವಿಯಿಂದ ಹಳೇ ಗೋವೆಗೆ ಸೈಕಲ್ ಮೇಲೆ

ಬೆಳಗಾವಿಯವರಿಗೆ ಗೋವೆ ಎಂದರೆ ನೆರೆಮನೆ ಇದ್ದ ಹಾಗೆ. ಬಸ್ಸಿದೆ, ರೈಲಿದೆ, ಕಾರಿದ್ದವರಿಗೆ ಕಾರಿದೆ. ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬಕ್ಕೆ ನಮ್ಮ ಭಾಗದಿಂದ ಕಾಲ್ನಡಿಗೆಯಲ್ಲೇ ಹೊರಡುವ ಭಕ್ತರೂ ಇದ್ದಾರೆ. ಆದರೆ ಸೈಕಲ್ ಮೇಲೆ ಹೋಗುತ್ತೇವೆಂದಾಗ ಮಾತ್ರ ಮನೆಮಂದಿಯೆಲ್ಲ ಒಟ್ಟಿಗೆ ಕೇಳಿದ ಪ್ರಶ್ನೆ ಒಂದೇ: "ಯಾವ ದಾರಿಯಿಂದ?"

ಪ್ರಿಯ ಓದುಗರೇ, ಆ ಪ್ರಶ್ನೆಗೆ ಉತ್ತರ ಹುಡುಕಲು ನಮಗೆ ಮೂರು ಭಾನುವಾರ ಬೇಕಾದವು! ಪೂಜೆ ಮುಗಿದ ಮೇಲೆ ಸಭಾಭವನದ ಜಗಲಿಯಲ್ಲಿ ನಕ್ಷೆ ಹರಡಿಕೊಂಡು ಕುಳಿತವರು ಏಳು ಮಂದಿ. ಕಾಲೇಜು ಹುಡುಗರು ಮೂವರು, ಪಿಯುಸಿ ಓದುವ ಒಬ್ಬ ಹುಡುಗಿ, ಆಕೆಯ ತಂದೆ, ಶಾಲಾ ಶಿಕ್ಷಕಿಯೊಬ್ಬರು, ಮತ್ತು ರೈಲ್ವೆಯ ಹಳಿ ನೋಡಿಕೊಳ್ಳುವ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರು. ಹುಡುಗರಲ್ಲಿ ಇಬ್ಬರ ಬಳಿ ಹೊಸದಾಗಿ ಕೊಂಡ ಗ್ರಾವೆಲ್ ಸೈಕಲ್ ಇದ್ದವು. ಇದು ನೋಡಲು ರೇಸ್ ಸೈಕಲ್‌ನಂತೆ ಬಾಗಿದ ಹ್ಯಾಂಡಲ್ ಇರುವ, ಆದರೆ ಅಗಲ ಟೈರಿನ, ಡಿಸ್ಕ್ ಬ್ರೇಕಿನ ಸೈಕಲ್. ಜಲ್ಲಿ, ಮಣ್ಣು, ಡಾಂಬರು ಮೂರಕ್ಕೂ ಒಗ್ಗುತ್ತದೆ. ಉಳಿದವರದು ಸಾಧಾರಣ ಗೇರ್ ಸೈಕಲ್. ಹಿರಿಯರದು ಮಾತ್ರ ಕರಿಯ ಬಣ್ಣದ, ಹಿಂದೆ ಕ್ಯಾರಿಯರ್ ಇರುವ ಹಳೆಯ ಕಾಲದ ಸೈಕಲ್. ಅದನ್ನು ಬಿಟ್ಟು ಬೇರೆಯದನ್ನು ತುಳಿಯಲು ಅವರು ಒಪ್ಪಲೇ ಇಲ್ಲ.

ದಾರಿಯ ವಿಚಾರದಲ್ಲಿ ಒಂದು ಸಂಗತಿಯನ್ನು ಮೊದಲೇ ಹೇಳಬೇಕು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಘಟ್ಟದ ಅಂಚಿನ ಚೋರ್ಲಾ ಸುಮಾರು 800 ಮೀಟರ್. ಅಂದರೆ ಹೋಗುವಾಗ ಏರುವ ಕಷ್ಟ ದೊಡ್ಡದಲ್ಲ. ಕಷ್ಟವೆಲ್ಲ ಇಳಿಯುವುದರಲ್ಲಿದೆ! ಇಳಿಯುವುದು ಸುಲಭವೆಂದು ತಿಳಿದವರು ಸೈಕಲ್ ಮೇಲೆ ಘಟ್ಟ ಇಳಿದವರಲ್ಲ. ಬ್ರೇಕ್ ಹಿಡಿದು ಹಿಡಿದು ಬೆರಳು ಸೋಲುತ್ತವೆ. ಬಿಡದೆ ಹಿಡಿದರೆ ಚಕ್ರದ ಅಂಚು ಕಾಯುತ್ತದೆ. ಜಲ್ಲಿಯ ಮೇಲೆ ಮುಂದಿನ ಬ್ರೇಕನ್ನು ಒಮ್ಮೆಲೆ ಒತ್ತಿದರೆ ಚಕ್ರ ಜಾರುತ್ತದೆ. ಇದೆಲ್ಲವೂ ಸಣ್ಣ ಕೈಯವರಿಗೆ ಇನ್ನೂ ಕಷ್ಟ. ಆದ್ದರಿಂದ ನಮ್ಮಲ್ಲಿ ಮೊದಲ ನಿರ್ಣಯ ಹೀಗಾಯಿತು: ದಾರಿಯನ್ನು ಆರಿಸುವುದು ಹೊಸ ಸೈಕಲ್‌ಗಳನ್ನು ನೋಡಿ ಅಲ್ಲ, ಆ ಹುಡುಗಿಯ ಕೈಯನ್ನೂ ಹಿರಿಯರ ಸೈಕಲ್‌ನ ಬ್ರೇಕನ್ನೂ ನೋಡಿ.

ಹುಡುಗರ ಮನಸ್ಸು ಮಾತ್ರ ಕ್ಯಾಸಲ್‌ರಾಕ್ ಮೇಲಿತ್ತು. ಲೋಂಡಾದ ಆಚೆ ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗೆ ರೈಲು ಮಾರ್ಗ ಕಾಡಿನ ನಡುವೆ 26 ಕಿಲೋಮೀಟರ್ ಇಳಿಯುತ್ತದೆ. 1961ರವರೆಗೆ ಪೋರ್ಚುಗೀಸ್ ಗೋವೆಯ ಗಡಿ ಇಲ್ಲೇ ಇತ್ತು. ಮುರಗಾಂವ್ ಬಂದರಿಗೆ ದಾರಿ ಮಾಡಲು 1880ರ ದಶಕದಲ್ಲಿ ಹಾಕಿದ ಈ ಹಳಿಯ ಇಳಿಜಾರು 37 ಅಡಿಗೆ ಒಂದಡಿ. ನಡುವೆ ದೂಧ್‌ಸಾಗರ್ ಜಲಪಾತ, 310 ಮೀಟರ್ ಎತ್ತರದಿಂದ ಹಾಲಿನಂತೆ ಸುರಿಯುತ್ತದೆ. ಹಳಿಯ ಪಕ್ಕದ ಜಲ್ಲಿ ದಾರಿಯಲ್ಲಿ ಸೈಕಲ್ ತಳ್ಳಿಕೊಂಡಾದರೂ ಹೋಗೋಣ ಎಂಬುದು ಅವರ ಹಟ.

ಉತ್ತರ ಕೊಟ್ಟವರು ರೈಲ್ವೆಯ ಹಿರಿಯರು. "ತಮ್ಮಾ, ಬೋಗದಾದಾಗ ರೈಲು ಬಂತಂದ್ರ ಸೈಕಲ್ ಹಿಡಕೊಂಡು ಎಲ್ಲಿ ನಿಂದರತೀ? ನಾವು ನಿಂತೀವಿ, ನಮಗೊತ್ತು. ಗೋಡೆಗೆ ಬೆನ್ನು ಹಚ್ಚಿ ಉಸಿರು ಹಿಡದು ನಿಂದರಬೇಕು. ಸೈಕಲ್‌ಗೆ ಬೆನ್ನು ಎಲ್ಲೈತಿ?" ಎಂದರು. ಹುಡುಗರು ನಕ್ಕರೂ ವಾದ ಅಲ್ಲಿಗೇ ಮುಗಿಯಿತು. ಹಳಿಯ ಮೇಲೆ ಅನುಮತಿಯಿಲ್ಲದೆ ನಡೆಯುವುದು ಕಾನೂನಿಗೂ ವಿರುದ್ಧ. 2023ರ ಜುಲೈನಲ್ಲಿ ದೂಧ್‌ಸಾಗರಕ್ಕೆ ಹಳಿಯ ಮೇಲೆ ನಡೆದು ಹೋದ ಚಾರಣಿಗರನ್ನು ತಡೆದು ಬಸ್ಕಿ ಹೊಡೆಸಿದ ಚಿತ್ರಗಳನ್ನು ನೀವೂ ಪತ್ರಿಕೆಗಳಲ್ಲಿ ನೋಡಿರಬಹುದು.

ಎರಡನೆಯದು ಅನ್ಮೋಡ ಘಾಟ್. ಖಾನಾಪುರ, ರಾಮನಗರ, ಅನ್ಮೋಡ ದಾಟಿ ಮೊಲೆಂಗೆ ಇಳಿಯುವ ಹೆದ್ದಾರಿ. ಮೊದಲು 4ಎ, ಈಗ 748. ದಾರಿ ಅಗಲ, ಇಳಿಜಾರು ಹದ, ಕಾಡು ಸುಂದರ. ಮೊಲೆಂ ಕಡೆಯ ಭಗವಾನ್ ಮಹಾವೀರ ಅಭಯಾರಣ್ಯ 240 ಚದರ ಕಿಲೋಮೀಟರಿನದು. ಆದರೆ ಇದು ಲಾರಿಗಳ ದಾರಿ. ತಿರುವಿನಲ್ಲಿ ಲೋಡು ಲಾರಿ ಹಿಂದೆ ಬಂದಾಗ ಸೈಕಲ್ ಸವಾರನಿಗೆ ಉಳಿಯುವುದು ರಸ್ತೆಯ ಅಂಚಿನ ಒಂದು ಗೇಣು ಮಾತ್ರ. 2025ರ ಜುಲೈ ಮಳೆಗೆ ಇಲ್ಲಿ ರಸ್ತೆಯ ಒಂದು ಪಾಲು ಕುಸಿದಿದ್ದೂ ನೆನಪಿನಲ್ಲಿತ್ತು. ಹುಡುಗಿಯ ತಂದೆ ಒಂದೇ ಮಾತಿನಲ್ಲಿ ಬೇಡವೆಂದರು.

ಅಂಬೋಲಿಯಿಂದ ಸಾವಂತವಾಡಿಗೆ ಇಳಿದು ಪೆರ್ನೆಂ ಮೂಲಕ ಹೋಗುವುದು ಸುತ್ತು. ಕಾರವಾರದ ಕರಾವಳಿ ದಾರಿ ನಮಗೆ ಇನ್ನೂ ಸುತ್ತು. ಉಳಿದದ್ದು ಜಾಂಬೋಟಿ, ಕಣಕುಂಬಿ, ಚೋರ್ಲಾ ಮೂಲಕ ಕೇರಿಗೆ ಇಳಿಯುವ ದಾರಿ. ಬೆಳಗಾವಿಯಿಂದ ಪಣಜಿಗೆ ಇದೇ ಹತ್ತಿರದ್ದು. ತಿರುವುಗಳು ಇಲ್ಲಿ ಹೆಚ್ಚು ಬಿಗಿ, ಮಳೆಗಾಲ ಕಳೆದ ಮೇಲೆ ಗುಂಡಿಗಳಿಗೂ ಬರವಿಲ್ಲ. ಆದರೂ ಭಾರಿ ಲಾರಿಗಳ ಕಾಟ ಹೆದ್ದಾರಿಯಷ್ಟಿಲ್ಲ. ಕಾಡಿನ ಒಳದಾರಿಗಳನ್ನು ಹುಡುಗರು ನಕ್ಷೆಯಲ್ಲಿ ಗುರುತು ಮಾಡಿದ್ದರು. ಈ ಕಡೆ ಭೀಮಗಡ, ಆ ಕಡೆ ಮ್ಹಾದೇಯಿ, ಎರಡೂ ಅಭಯಾರಣ್ಯಗಳು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ಕಾಲಿಡುವಂತಿಲ್ಲ, ಬಿದ್ದರೆ ಕೂಗಿದರೂ ಕೇಳುವವರಿಲ್ಲ. ಶಿಕ್ಷಕಿಯವರು ನಡುವಿನ ದಾರಿ ತೋರಿಸಿದರು. ಮಣ್ಣಿನ ದಾರಿ ಬೇಕೆಂದರೆ ಸಮತಟ್ಟಿನಲ್ಲಿ ತುಳಿಯೋಣ, ಘಟ್ಟವನ್ನು ಮಾತ್ರ ಡಾಂಬರಿನಲ್ಲೇ ಇಳಿಯೋಣ. ಅದೂ ಬೆಳಿಗ್ಗೆ, ಕೈ ಸೋಲುವ ಮೊದಲು. ಎಲ್ಲರೂ ಒಪ್ಪಿದರು.

ಹಾಗೆ ಜನವರಿಯ ಒಂದು ಶುಕ್ರವಾರ ನಸುಕಿನಲ್ಲಿ ಹೊರಟೆವು. ಜಾಂಬೋಟಿಯ ಆಸುಪಾಸಿನಲ್ಲಿ ಹಳ್ಳಿಗಳ ನಡುವಿನ ಕೆಂಪು ಮಣ್ಣಿನ ದಾರಿಗಳಲ್ಲಿ ಹುಡುಗರು ಆಸೆ ತೀರುವಷ್ಟು ಓಡಾಡಿದರು. ಆ ರಾತ್ರಿ ಕಣಕುಂಬಿ ಕಡೆ ಪರಿಚಿತರೊಬ್ಬರ ಮನೆಯಲ್ಲಿ ತಂಗಿದೆವು.

ಕಣಕುಂಬಿಯಲ್ಲಿ ಎಲ್ಲರೂ ಒಂದು ಗಳಿಗೆ ನಿಲ್ಲಬೇಕು. ಇಲ್ಲಿನ ಮಾವುಲಿ ಗುಡಿಯ ಬಳಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು, ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಅದೇ ಸೀಮೆಯ ಕಳಸಾ ಹಳ್ಳದ ನೀರು ಪಶ್ಚಿಮಕ್ಕಿಳಿದು ಮಹದಾಯಿಯಾಗಿ, ಗೋವೆಯಲ್ಲಿ ಮಾಂಡವಿ ಎಂಬ ಹೆಸರು ಪಡೆದು ಅರಬ್ಬೀ ಸಮುದ್ರ ಸೇರುತ್ತದೆ. ಒಂದು ಗುಡ್ಡದ ಎರಡು ಮಗ್ಗುಲು, ಎರಡು ಸಮುದ್ರ! ಈ ನೀರಿಗಾಗಿ ಎರಡು ರಾಜ್ಯಗಳು ಜಗಳವಾಡಿದ್ದು, ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿದ್ದು, ಆಮೇಲೂ ತಕರಾರು ಉಳಿದದ್ದು ಎಲ್ಲರಿಗೂ ಗೊತ್ತು. ಕಾರಿನಲ್ಲಿ ಹೋಗುವವರಿಗೆ ಈ ಜಾಗ ಅರ್ಧ ನಿಮಿಷದ್ದು. ಸೈಕಲ್ ಮೇಲೆ ಬಂದವರಿಗೆ ಆ ಏರು ಎಲ್ಲಿ ಮುಗಿದು ಇಳುಕಲು ಎಲ್ಲಿ ಶುರುವಾಯಿತೆಂಬುದು ಮೊಣಕಾಲಿಗೇ ಗೊತ್ತಾಗುತ್ತದೆ.

ಚೋರ್ಲಾದಲ್ಲಿ ಚಹಾ ಕುಡಿದು, ಎಲ್ಲರ ಬ್ರೇಕ್ ಕಟ್ಟೆಗಳನ್ನು ಮತ್ತೊಮ್ಮೆ ನೋಡಿ, ಮಂಜು ಸರಿಯುವವರೆಗೆ ಕಾದು ಇಳಿಯತೊಡಗಿದೆವು. ನಿಯಮ ಎರಡೇ ಇದ್ದವು. ಎಲ್ಲರಿಗಿಂತ ನಿಧಾನದವರು ಮುಂದೆ, ಹೊಸ ಸೈಕಲ್‌ಗಳು ಹಿಂದೆ. ಬ್ರೇಕನ್ನು ಒತ್ತಿ ಬಿಡಬೇಕು, ಒತ್ತಿ ಬಿಡಬೇಕು, ಹಿಡಿದೇ ಇರಬಾರದು. ಪ್ರತಿ ನಾಲ್ಕೈದು ತಿರುವಿಗೊಮ್ಮೆ ನಿಂತು ಚಕ್ರದ ಅಂಚು ಮುಟ್ಟಿ ನೋಡುತ್ತಿದ್ದೆವು. ಹಿರಿಯರ ಕರಿ ಸೈಕಲ್‌ನ ಅಂಚು ಬಾಣಲೆಯಂತೆ ಕಾದಿತ್ತು. ಅದು ತಣಿಯುವ ತನಕ ಅವರು ಕಣಿವೆಯ ಕಡೆ ಮುಖ ಮಾಡಿ ಕುಳಿತು ಯಾವ ಮರ ಯಾವುದೆಂದು ಹೇಳುತ್ತಿದ್ದರು. ಕಡಿದಾದ ಎರಡು ತಿರುವುಗಳಲ್ಲಿ ಹುಡುಗಿ ಇಳಿದು ಸೈಕಲ್ ತಳ್ಳಿದಳು. ಯಾರೂ ಏನೂ ಅನ್ನಲಿಲ್ಲ, ಇನ್ನಿಬ್ಬರು ತಾವೂ ಇಳಿದು ತಳ್ಳಿದರು.

ಕೇರಿಯಲ್ಲಿ ಅಂಜುಣೆಂ ಅಣೆಕಟ್ಟಿನ ನೀರು ಕಂಡಾಗ ಬಿಸಿಲು ಏರಿತ್ತು. ಗಾಳಿಯ ವಾಸನೆಯೇ ಬೇರೆ. ಗೋಡಂಬಿ ತೋಪು, ತೆಂಗು, ಕೆಂಪು ಹೆಂಚಿನ ಮನೆಗಳು. ಸಾಖಳಿ, ಡಿಚೋಲಿ ದಾಟಿದೆವು. ಡಿಚೋಲಿಯ ಕಬ್ಬಿಣದ ಅದಿರಿನ ಗಣಿಗಳ ಕಡೆಗೆ ಹೋಗುವ ಅಗಲವಾದ ಮಣ್ಣು ದಾರಿಗಳನ್ನು ನೋಡಿ ಹುಡುಗರ ಕಣ್ಣು ಮತ್ತೆ ಅರಳಿತು. ಆದರೆ ಅವು ಗಣಿಯ ಜಾಗ, ಸಾರ್ವಜನಿಕ ದಾರಿಯಲ್ಲ.

ಅಲ್ಲಿಂದ ಪಣಜಿ ಹೆದ್ದಾರಿ ಹಿಡಿಯದೆ ನಾವು ನಾರ್ವೆಗೆ ತಿರುಗಿದೆವು. ಇಡೀ ಪ್ರವಾಸದಲ್ಲಿ ಇದಕ್ಕಿಂತ ಒಳ್ಳೆಯ ಆಯ್ಕೆ ಇನ್ನೊಂದಿರಲಿಲ್ಲ ಎಂದು ನಮ್ಮ ಅಭಿಪ್ರಾಯ. ನಾರ್ವೆಯಿಂದ ಫೆರಿ ದೋಣಿಯಲ್ಲಿ ಮಾಂಡವಿಯ ನಡುವಿನ ದಿವಾಡಿ ದ್ವೀಪಕ್ಕೆ ಸೈಕಲ್ ಸಮೇತ ದಾಟಬಹುದು. ಉಪ್ಪುನೀರು ಗದ್ದೆಗೆ ನುಗ್ಗದಂತೆ ಹಿಂದಿನವರು ಕಟ್ಟಿದ ಏರಿಗಳು, ಅವುಗಳೊಳಗಿನ ಖಾಜನ್ ಗದ್ದೆಗಳು, ಬೆಳ್ಳಕ್ಕಿ, ಗುಡ್ಡದ ಮೇಲೆ ಕರುಣಾ ಮಾತೆಯ ಬಿಳಿಯ ಚರ್ಚು. ಗದ್ದೆಗಳ ಬದಿಯ ಮಣ್ಣಿನ ದಾರಿಯಲ್ಲಿ ಏರಿಲ್ಲ, ಇಳಿವಿಲ್ಲ, ಲಾರಿಯಿಲ್ಲ. ಒಬ್ಬ ಹುಡುಗನ ಹೊಸ ಟೈರು ಇಲ್ಲೇ ಪಂಕ್ಚರ್ ಆಯಿತು, ಹಿರಿಯರ ಕ್ಯಾರಿಯರ್ ಚೀಲದಲ್ಲಿದ್ದ ಪಂಪೇ ಕೆಲಸಕ್ಕೆ ಬಂತು!

ದ್ವೀಪದ ಇನ್ನೊಂದು ಬದಿಯಿಂದ ಮತ್ತೊಂದು ಫೆರಿ. ಅದು ಮುಟ್ಟಿಸುವುದು ನೇರ ಹಳೇ ಗೋವೆಯ ದಕ್ಕೆಗೆ. ಅಲ್ಲಿಂದ ವೈಸರಾಯ್ ಕಮಾನಿನ ಕೆಳಗೆ ಹಾದು, ಹಿಂದೆ ಹಡಗಿನಿಂದ ಇಳಿದವರು ಬಂದ ದಾರಿಯಲ್ಲೇ ಮೇಲೆ ಬಂದೆವು. 1605ರಲ್ಲಿ ಅಭಿಷೇಕಗೊಂಡ ಬೊಮ್ ಜೆಸುಸ್ ಬಸಿಲಿಕಾದ ಕೆಂಪು ಮುರಕಲ್ಲಿನ ಗೋಡೆ ಸಂಜೆಯ ಬಿಸಿಲಿಗೆ ಇನ್ನಷ್ಟು ಕೆಂಪಾಗಿತ್ತು. ಹುಡುಗಿ ಎರಡೂ ಅಂಗೈಗಳನ್ನು ತಂದೆಗೆ ತೋರಿಸಿದಳು. ಬೊಬ್ಬೆ ಎದ್ದಿರಲಿಲ್ಲ.

ಮರಳುವಾಗ ಘಟ್ಟ ಹತ್ತುವ ಮಾತೇ ಇರಲಿಲ್ಲ. ಸೈಕಲ್‌ಗಳನ್ನು ಲಗೇಜ್ ಡಬ್ಬಿಗೆ ಬುಕ್ ಮಾಡಿ ರೈಲು ಹತ್ತಿದೆವು. ಹೋಗಬಯಸುವವರು ಇದಕ್ಕಾಗಿ ನಿಲ್ದಾಣಕ್ಕೆ ಸಾಕಷ್ಟು ಮುಂಚೆ ಹೋಗಬೇಕು, ಸೈಕಲ್ ಮೇಲೆ ಹೆಸರು, ಊರು ಬರೆದ ಚೀಟಿ ಕಟ್ಟಬೇಕು. ಕುಳೆಂನಲ್ಲಿ ಗಾಡಿಗೆ ಹೆಚ್ಚಿನ ಎಂಜಿನ್‌ಗಳು ಸೇರಿದವು. ದೂಧ್‌ಸಾಗರದ ಬಳಿ ಎಲ್ಲರೂ ಒಂದೇ ಕಿಟಕಿಗೆ ಮುಗಿಬಿದ್ದರು. ಒಂದು ಬೋಗದಾ ದಾಟುವಾಗ ಹಿರಿಯರು ಹುಡುಗರನ್ನು ಕರೆದು ಕಿಟಕಿಯ ಹೊರಗಿನ ಗೋಡೆಯನ್ನು ಬೆರಳಿಂದ ತೋರಿಸಿದರು. ಗಾಡಿಗೂ ಗೋಡೆಗೂ ನಡುವಿನ ಜಾಗವನ್ನು ಹುಡುಗರು ಕಣ್ಣಲ್ಲೇ ಅಳೆದರು.

"ಬರೋ ವರ್ಷ ಅಂಬೋಲಿ ನೋಡೋಣೇನ್ರಿ, ಅಂಕಲ್?" ಎಂದು ಅವರಲ್ಲೊಬ್ಬ ಕೇಳಿದ.

"ಮೊದಲ ನಕ್ಷೆ ತಗೊಂಡು ಬಾ," ಎಂದರು ಹಿರಿಯರು.