ಹಕ್ಕಿ ಸರಣಿ 7: ನಂದಿ ಬೆಟ್ಟದ ಇನ್ನೊಂದು ಪಾರಿವಾಳ

ಪಾರಿವಾಳ ಅಂದ ತಕ್ಷಣ ನಮಗೆ ನೆನಪಾಗೋದು ಬಾಲ್ಕನಿಯ ಗಲೀಜು, ಅದಕ್ಕೆ ಕಟ್ಟಿಸಿದ ನೆಟ್. ಆದ್ರೆ ಇದೇ ಕುಟುಂಬದ ಇನ್ನೊಂದು ಹಕ್ಕಿ ಇದೆ. ಅದಕ್ಕೆ ನಮ್ಮ ಬಾಲ್ಕನಿ ಬೇಡ, ಕಾಡೇ ಬೇಕು. ಆ ಕಾಡಿಗೂ ಅದು ಬೇಕು.

ಹೆಸರು ನೀಲಗಿರಿ ವುಡ್ ಪಿಜನ್. ಇಡೀ ಪ್ರಪಂಚದಲ್ಲಿ ಇದು ಇರೋದು ಪಶ್ಚಿಮ ಘಟ್ಟದಲ್ಲಿ ಮತ್ತು ದಕ್ಷಿಣದ ಕೆಲವೇ ಬೆಟ್ಟಗಳಲ್ಲಿ. ಬೂದು ತಲೆ, ಕೆಂಗಂದು ಬೆನ್ನು, ಕತ್ತಿನ ಹಿಂದೆ ಚೆಸ್ ಬೋರ್ಡ್ ಥರ ಕಪ್ಪು-ಬಿಳಿ ಚೌಕಳಿ. ಉದ್ದ ಸುಮಾರು 40 ಸೆಂ.ಮೀ. ಎಲೆಗಳ ನಡುವೆ ಸದ್ದಿಲ್ಲದೆ ಕೂತಿರುತ್ತೆ. ಎಷ್ಟೋ ಸಲ ಅದು ಹಾರಿದ ಮೇಲೇ ನಮಗೆ ಗೊತ್ತಾಗೋದು.

ಮುಖ್ಯ ಊಟ ಹಣ್ಣು, ಅದ್ರಲ್ಲೂ ದಾಲ್ಚಿನ್ನಿ ಕುಟುಂಬದ ಕಾಡುಮರಗಳ ಹಣ್ಣು. (ನಾವು ಜ್ಯೂಸ್ ಮಾಡಿ ಕುಡಿಯೋ ಬಟರ್ ಫ್ರೂಟ್ ಕೂಡ ಅದೇ ಕುಟುಂಬ!) ಈ ಮರಗಳ ಬೀಜ ಗಾಳಿಗೆ ಹಾರಲ್ಲ. ತಾಯಿ ಮರದ ಬುಡದಲ್ಲೇ ಬಿದ್ರೆ ನೆರಳು, ಹುಳ, ಪೈಪೋಟಿ. ಹಕ್ಕಿ ಹಣ್ಣು ನುಂಗಿ ದೂರ ಹೋಗಿ ಬೀಜ ಬೀಳಿಸಿದ್ರೆ ಅಲ್ಲೊಂದು ಸಸಿಗೆ ಚಾನ್ಸ್. ಶೋಲಾ ಕಾಡು ತುಂಡು ತುಂಡಾಗಿರೋ ಕಡೆ ಒಂದು ತುಂಡಿನಿಂದ ಇನ್ನೊಂದಕ್ಕೆ ಬೀಜ ದಾಟಿಸೋಕೆ ಇಂಥ ಹಕ್ಕಿಗಳೇ ಬೇಕು.

ಹಾಗಿದ್ರೆ ಕಡಿಮೆಯಾಗ್ತಿರೋದು ಯಾಕೆ? ಕಾಡು ಕಡಿದು ಟೀ, ನೀಲಗಿರಿ, ಅಕೇಶಿಯಾ ತೋಟ ಮಾಡಿದ್ವಿ. ಹಿಂದೆ ಬೇಟೆಯೂ ಜೋರಾಗಿತ್ತು. ಐಯುಸಿಎನ್ ಕೆಂಪುಪಟ್ಟಿಯಲ್ಲಿ ಇದು ಅಪಾಯದ ಅಂಚಿನ ಹಕ್ಕಿ. ಕಡ್ಡಿಗಳ ತೆಳು ಗೂಡು, ಅದ್ರಲ್ಲಿ ಒಂದೇ ಒಂದು ಬಿಳಿ ಮೊಟ್ಟೆ. ನಮ್ಮ ಬಿಕಾಂ ಭಾಷೇಲಿ ಹೇಳೋದಾದ್ರೆ ಆದಾಯ ತೀರಾ ಕಮ್ಮಿ. ಒಂದು ಸಲ ಲಾಸ್ ಆದ್ರೆ ತುಂಬಿಕೊಳ್ಳೋಕೆ ವರ್ಷಗಳೇ ಬೇಕು. ಹಕ್ಕಿ ಹೋದ ಮೇಲೂ ಹಳೇ ಮರಗಳು ಹಸಿರಾಗೇ ಇರ್ತವೆ, ಹಾಗಾಗಿ ನಮಗೆ ಏನೂ ಗೊತ್ತಾಗಲ್ಲ. ಅವು ಬಿದ್ದಾಗ ಜಾಗ ತುಂಬೋ ಸಸಿಗಳೇ ಇರಲ್ಲ.

ಬೆಂಗಳೂರಿನವರಿಗೆ ಒಂದು ವಿಷಯ: ನಂದಿ ಬೆಟ್ಟದಲ್ಲೂ ಇದು ಕಂಡಿದೆ! ಮಂಜು, ತಂಪು, ದಟ್ಟ ಮರಗಳಿರೋ ಆ ತುದಿ ಬಯಲ ನಡುವಿನ ಪುಟ್ಟ ದ್ವೀಪದ ಥರ. ಘಟ್ಟ ನೂರಾರು ಕಿಲೋಮೀಟರ್ ದೂರ. ಇಲ್ಲಿ ಕಳಕೊಂಡ್ರೆ ಅಲ್ಲಿಂದ ಬಂದು ಜಾಗ ತುಂಬೋದು ಸುಲಭ ಅಲ್ಲ.

ಮುಂದಿನ ಸಲ ಸನ್‌ರೈಸ್ ರೀಲ್ ಮುಗಿದ ಮೇಲೆ ಸ್ಪೀಕರ್ ಆಫ್ ಮಾಡಿ, ಹತ್ತು ನಿಮಿಷ ಮರಗಳ ಕಡೆ ನೋಡಿ. ಕಂಡ್ರೆ ಇ-ಬರ್ಡ್ ಆ್ಯಪ್‌ನಲ್ಲಿ ದಾಖಲಿಸಿ. ಗೂಡು ಕಂಡ್ರೆ ಮಾತ್ರ ಫೋಟೋ, ಲೊಕೇಶನ್ ಎರಡೂ ಬೇಡ, ಸುಮ್ನೆ ವಾಪಸ್ ಬನ್ನಿ.

ನಂದಿಗೆ ಹೋಗೋ ಗ್ಯಾಂಗ್‌ನ ಟ್ಯಾಗ್ ಮಾಡಿ 👇

#ಹಕ್ಕಿಸರಣಿ #ನಂದಿಬೆಟ್ಟ #ಪಶ್ಚಿಮಘಟ್ಟ